ಭೀಮೇಶ್ವರಿಯ ಮಧುಚಂದ್ರ: ಹಗಲಿಗೆ ಹರಿಗೋಲು, ಇರುಳಿಗೆ ಅರುಂಧತಿ

ಬೆಂಗಳೂರಿನಲ್ಲಿ ದುಡಿಯುವ ಹೊಸ ದಂಪತಿಗಳಿಗೆ ಅನೇಕ ವೇಳೆ ಹಣಕ್ಕಿಂತ ರಜೆಯೇ ದುರ್ಲಭ. ಅಂಥವರಿಗೆ, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ಭೀಮೇಶ್ವರಿಯಲ್ಲಿ ಕಾವೇರಿಯ ದಡದ ಮೇಲೆ ನಡೆಸುತ್ತಿರುವ ಸಾಹಸ ಮತ್ತು ನಿಸರ್ಗ ಶಿಬಿರವನ್ನು ನಾನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಷರತ್ತು ಒಂದೇ: ಹೋಗುವ ದಿನವನ್ನು ಪಂಚಾಂಗ ನೋಡಿ ಗೊತ್ತುಮಾಡಿಕೊಳ್ಳಬೇಕು ಮತ್ತು ಅದು ಅಮಾವಾಸ್ಯೆಯ ಆಸುಪಾಸಿನಲ್ಲಿರಬೇಕು. “ಹೊಸ ಮದುಮಕ್ಕಳು ಅಮಾವಾಸ್ಯೆಯ ಹೊತ್ತಿನಲ್ಲಿ ಕಾಡಿಗೆ ಹೋಗುವುದುಂಟೇನಮ್ಮ?” ಎಂದು ನಮ್ಮ ಅತ್ತೆಯವರು ಕೇಳಿದ್ದರು. ಅವರ ಆತಂಕ ಸಹಜವೇ ಆಗಿತ್ತು. ಆದರೂ ಮಾಘ ಮಾಸದ ಕೊನೆಯಲ್ಲಿ ನಾವು ಹೊರಟೆವು.

ದಾರಿ ಸುಮಾರು ನೂರು ಕಿಲೋಮೀಟರು. ಕನಕಪುರ, ಸಾತನೂರು, ಹಲಗೂರು ದಾಟಿ ಮುತ್ತತ್ತಿಯ ಕಡೆಗೆ ತಿರುಗಿದರೆ ಕಾಡು ಆರಂಭವಾಗುತ್ತದೆ. ಮುತ್ತತ್ತಿಯಲ್ಲಿ ಆಂಜನೇಯನ ದರ್ಶನ ಮಾಡಬಹುದು, ಆದರೆ ಅಲ್ಲಿ ಹೊಳೆಗೆ ಇಳಿಯಬಾರದು. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಬಂಡೆಗಳೂ ಸುಳಿಗಳೂ ಇವೆ. ಈಜು ಬಲ್ಲವರೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ಶಿವನಸಮುದ್ರದ ಜಲಪಾತಗಳಿಗೂ ಮೇಕೆದಾಟುವಿಗೂ ನಡುವಿನ ಈ ಸೀಮೆಯನ್ನು ಒಳಗೊಂಡ ಕಾವೇರಿ ವನ್ಯಜೀವಿಧಾಮ 1987ರಲ್ಲಿ ಘೋಷಿತವಾಯಿತು. ಹುಲಿಯನ್ನು ನೋಡಲೇಬೇಕೆಂದು ಬರುವವರು ನಾಗರಹೊಳೆಗೋ ಬಂಡೀಪುರಕ್ಕೋ ಹೋಗುವುದು ಒಳ್ಳೆಯದು. ಇಲ್ಲಿನ ಸಂಪತ್ತೆಲ್ಲ ಹೊಳೆಯನ್ನು ನೆಚ್ಚಿಕೊಂಡಿದೆ. ಅದನ್ನು ಕಾಣಲು ಹರಿಗೋಲಿಗಿಂತ ಉತ್ತಮ ವಾಹನವಿಲ್ಲ. ಎಂಜಿನ್ನಿನ ಸದ್ದಿಲ್ಲದ ಕಾರಣ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ನಾವು ಸುರಕ್ಷಿತ ದೂರದಲ್ಲಿ ನಿಂತು ಬಹಳ ಹೊತ್ತು ನೋಡಿದೆವು. ಹಾಗೆ ಬಾಯಿ ತೆರೆಯುವುದು ಕೋಪದಿಂದಲ್ಲ, ಮೈಯ ಕಾವನ್ನು ಇಳಿಸಿಕೊಳ್ಳಲು ಎಂದು ಹುಟ್ಟು ಹಾಕುತ್ತಿದ್ದ ಅಂಬಿಗರು ವಿವರಿಸಿದರು. ನೀರುನಾಯಿಗಳ ಗುಂಪೊಂದು ಮೀನು ಹಿಡಿದು ತಲೆಯೆತ್ತಿ ತಿನ್ನುತ್ತಿತ್ತು. ಈ ನೀರಿನಲ್ಲಿ ಜನ ಬಿಳಿಮೀನು ಎಂದು ಕರೆಯುವ ಮಹಶೀರ್ ಇದೆ. ಕಾವೇರಿ ಕೊಳ್ಳದಲ್ಲಿ ಮಾತ್ರ ಬದುಕುವ ಅದರ ಒಂದು ಜಾತಿಯು ಅಳಿವಿನ ಅತ್ಯಂತ ತೀವ್ರ ಅಪಾಯದಲ್ಲಿದೆ ಎಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿ 2018ರಲ್ಲಿ ಗುರುತಿಸಿತು. ಒಂದು ಕಾಲದಲ್ಲಿ ಗಾಳ ಹಾಕುವ ಹವ್ಯಾಸಿಗಳನ್ನು ದೇಶವಿದೇಶಗಳಿಂದ ಕರೆತಂದಿದ್ದು ಇದೇ ಮೀನು.

ಊಟದ ನಂತರ ಮರಗಳಿಗೆ ಕಟ್ಟಿದ ಜೋಲಿಯಲ್ಲಿ ಮಲಗಿದ್ದಾಗ, ನೆತ್ತಿಯ ಮೇಲಿನ ಹೊಳೆಮತ್ತಿಯ ಕೊಂಬೆಯಲ್ಲಿ ಬೂದು ಬಣ್ಣದ ದೈತ್ಯ ಅಳಿಲು ಕಾಣಿಸಿಕೊಂಡಿತು. ನಮ್ಮ ರಾಜ್ಯದಲ್ಲಿ ಈ ಅಳಿಲಿಗೆ ಕಾವೇರಿ ತೀರದ ಇಂಥ ಕಾಡೇ ಮುಖ್ಯ ಆಸರೆ. ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗುವಂತೆ ಬೆಳೆದಲ್ಲಿ ಮಾತ್ರ ಅದು ನೆಲಕ್ಕಿಳಿಯದೆ ಓಡಾಡಬಲ್ಲದು. ದಡದ ಹಳೆಯ ಮರಗಳನ್ನು ಕಳೆದುಕೊಂಡರೆ ಅದನ್ನೂ ಕಳೆದುಕೊಳ್ಳುತ್ತೇವೆ. ಅದು ಕೊಂಬೆಯಿಂದ ಕೊಂಬೆಗೆ ಹಾರುತ್ತ ಮರೆಯಾಗುವವರೆಗೂ ನಾವಿಬ್ಬರೂ ಮಾತನಾಡಲಿಲ್ಲ. ಜಿಪ್‌ಲೈನ್ ಮತ್ತು ಕಯಾಕಿಂಗ್ ಸಹ ಇವೆ. ಜಿಪ್‌ಲೈನ್ ಬೇಗ ಮುಗಿದುಹೋಗುತ್ತದೆ. ಕಯಾಕ್ ಮಾತ್ರ ನನ್ನ ಪತಿಗೆ ಬಹಳ ಹಿಡಿಸಿತು.

ಇರುಳಿನ ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಗರದ ಸಮೀಪದ ಕೆಲವು ಖಾಸಗಿ ರೆಸಾರ್ಟ್‌ಗಳು ಮಧುಚಂದ್ರದ ಹೆಸರಿನಲ್ಲಿ ಬಣ್ಣದ ದೀಪಗಳನ್ನೂ ಧ್ವನಿವರ್ಧಕಗಳನ್ನೂ ಒದಗಿಸುತ್ತವೆ; ಅಲ್ಲಿ ಆಕಾಶವೇ ಕಾಣುವುದಿಲ್ಲ. ಇಲ್ಲಿ ನಾವು ಕೇಳಿಕೊಂಡಾಗ ಸಿಬ್ಬಂದಿ ನಮ್ಮ ಬದಿಯ ದೀಪಗಳನ್ನು ಸಂತೋಷದಿಂದ ಆರಿಸಿದರು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಆ ಹೊತ್ತಿನಲ್ಲಿ ಮೊಬೈಲನ್ನು ಮುಟ್ಟಬಾರದು. ಒಂಬತ್ತು ಗಂಟೆಯ ಸುಮಾರಿಗೆ ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರಾ ಎಲ್ಲವೂ ಒಟ್ಟಿಗೆ ಕಂಡವು. ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ, ಇರುಳಿನ ತಾರೆಗಳಲ್ಲೆಲ್ಲ ಪ್ರಖರವಾದ ಲುಬ್ಧಕ. ಅದಕ್ಕೂ ಕೆಳಗೆ, ಹೊಳೆಯಾಚೆಯ ಗುಡ್ಡಗಳ ಮೇಲೆ ಅಗಸ್ತ್ಯ. ಕಾವೇರಿಯನ್ನು ಕಮಂಡಲುವಿನಲ್ಲಿ ಹೊತ್ತು ತಂದನೆನ್ನುವ ಮುನಿಯ ಹೆಸರಿನ ನಕ್ಷತ್ರವನ್ನು ಕಾವೇರಿಯ ದಡದಲ್ಲಿಯೇ ನೋಡುವುದಕ್ಕೆ ಬೇರೆಯದೇ ಬೆಲೆಯಿದೆ. ಹನ್ನೊಂದರ ಹೊತ್ತಿಗೆ ಈಶಾನ್ಯದಲ್ಲಿ ಸಪ್ತರ್ಷಿಮಂಡಲ ಮೇಲೇರಿತು. ಮದುವೆಯ ದಿನ ಪುರೋಹಿತರು ಹಾಡುಹಗಲಿನಲ್ಲಿ ಬೆರಳೆತ್ತಿ ತೋರಿಸಿದ್ದ ಅರುಂಧತಿಯನ್ನು ನಾವು ನಿಜವಾಗಿ ಕಂಡಿದ್ದು ಆಗ. ವಸಿಷ್ಠನ ಪಕ್ಕದಲ್ಲಿ, ಹುಣ್ಣಿಮೆ ಚಂದ್ರನ ಅಗಲದ ಅರ್ಧಕ್ಕಿಂತಲೂ ಕಡಿಮೆ ಅಂತರದಲ್ಲಿ, ಅದು ಮಸುಕಾಗಿ ಮಿನುಗುತ್ತಿತ್ತು. ಅಲ್ಲಿಂದ ಹೊರಟು ಸುಮಾರು ಎಂಬತ್ತು ವರ್ಷಗಳಾದ ಬೆಳಕು ಅದು, ಅಂದರೆ ನಮ್ಮ ಅಜ್ಜ-ಅಜ್ಜಿಯರ ಬಾಲ್ಯದ ಕಾಲದ್ದು.

ಕತ್ತಲಾದ ಮೇಲೆ ಶಿಬಿರದ ಎಲ್ಲೆ ದಾಟಿ ನೀರಿನ ಬಳಿಗೆ ಹೋಗಬಾರದು. ಇದು ಆನೆಗಳೂ ಮೊಸಳೆಗಳೂ ಇರುವ ಜಾಗ. ಹವಾನಿಯಂತ್ರಿತ ವೈಭವವನ್ನು ಬಯಸುವವರಿಗೆ ಡೇರೆ ಮತ್ತು ಮರದ ಮನೆಗಳ ವಾಸ ಒಗ್ಗಲಿಕ್ಕಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿರುತ್ತದೆ, ನಕ್ಷತ್ರಗಳನ್ನು ಮೋಡ ಮುಚ್ಚಿರುತ್ತದೆ. ಆದ್ದರಿಂದ ಡಿಸೆಂಬರಿನಿಂದ ಮಾರ್ಚಿಯವರೆಗಿನ ವಾರದ ನಡುವಿನ ದಿನವೊಂದನ್ನು ಮುಂಚಿತವಾಗಿ ಕಾದಿರಿಸಿಕೊಂಡು, ಜೊತೆಗೆ ದುರ್ಬೀನು ಮತ್ತು ಬೆಚ್ಚನೆಯ ಶಾಲು ಒಯ್ಯುವುದು ಲೇಸು.