ಪೀಣ್ಯದಲ್ಲಿ ತಂದ ನೈಲಾನ್ ರಾಡ್: ಬುಷ್‌ಗೆ ಸೂಪರ್, ನೀರಿರುವ ಕಡೆ ಬೇಡ

ಕನ್ವೇಯರ್ ರೋಲರ್‌ಗೆ ಬುಷ್ (ಶಾಫ್ಟ್ ಸುತ್ತ ಕೂರುವ ಕೊಳವೆಯಂಥ ತುಂಡು) ಮಾಡೋಕೆ ಅಂತ ಪೀಣ್ಯದ ಒಂದು ಅಂಗಡಿಯಿಂದ ನೈಲಾನ್ 6 ರಾಡ್ ತಂದಿದ್ದೆ. ಮಾಲು ನಿಜವಾಗಲೂ ಚೆನ್ನಾಗಿದೆ. ಮೊದಲು ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಷ್ ಹಾಕುತ್ತಿದ್ದೆವು, ಗ್ರೀಸ್ ಮರೆತರೆ ಸಾಕು, ಕಿರುಗುಟ್ಟೋಕೆ ಶುರು. ಇದು ಗ್ರೀಸ್ ಇಲ್ಲದೆಯೂ ಸದ್ದಿಲ್ಲದೆ ತಿರುಗುತ್ತದೆ, ಶಾಫ್ಟನ್ನೂ ತಿನ್ನುವುದಿಲ್ಲ, ತೂಕವಂತೂ ಗನ್‌ಮೆಟಲ್‌ನ ಏಳನೇ ಒಂದು ಭಾಗದಷ್ಟೂ ಇಲ್ಲ.

ಲೇತ್‌ನಲ್ಲಿ ಹಿಡಿದಾಗ ಟೂಲ್ ಚೆನ್ನಾಗಿ ಚೂಪಾಗಿರಬೇಕು. ಇಲ್ಲದಿದ್ದರೆ ಬಿಸಿಯಾಗಿ ಫಿನಿಶಿಂಗ್ ಕೆಡುತ್ತದೆ. ಚಿಪ್ಸ್ ತುಂಡಾಗುವುದಿಲ್ಲ, ಬಿಳಿ ಶಾವಿಗೆ ಥರ ಉದ್ದಕ್ಕೆ ಬಂದು ರಾಡ್ ಹಿಡಿದಿರುವ ಚಕ್‌ಗೆ ಸುತ್ತಿಕೊಳ್ಳುತ್ತದೆ. ಮಷಿನ್ ನಿಲ್ಲಿಸಿಯೇ ಬಿಡಿಸಿ, ಓಡುವಾಗ ಕೈ ಹಾಕಲೇಬೇಡಿ.

ದೊಡ್ಡ ತಕರಾರು ಅಂದ್ರೆ ನೀರು. ನೈಲಾನ್ 6 ಪೂರ್ತಿ ನೆನೆದರೆ ತನ್ನ ತೂಕದ ಸುಮಾರು 9% ನೀರು ಹೀರಿಕೊಂಡು ಊದುತ್ತದೆ, ಹಾಗಾಗಿ ಪಂಪಿಗೋ ವಾಷಿಂಗ್ ಲೈನಿಗೋ ಟೈಟ್ ಫಿಟ್ ಕೊಟ್ಟರೆ ಶಾಫ್ಟ್ ಹಿಡಿದುಕೊಳ್ಳುತ್ತದೆ. ಅಂಥ ಕಡೆ ಡೆಲ್ರಿನ್ (ನೀರು ಅಷ್ಟಾಗಿ ಹೀರದ ಇನ್ನೊಂದು ಪ್ಲಾಸ್ಟಿಕ್) ತಗೊಳ್ಳಿ, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಸ್ಟ್ರಾಂಗ್ ಆಸಿಡ್ ತಾಗುವ ಜಾಗಕ್ಕೂ ಬೇಡ. ಕರಗುವುದು 220 ಡಿಗ್ರಿಗೇ ಆದರೂ 100 ದಾಟುವ ಕಡೆ ನಾನು ಹಾಕುವುದಿಲ್ಲ.

ಅಂಗಡಿಯವರು ಕೇಳಿದಷ್ಟೇ ಉದ್ದ ಕತ್ತರಿಸಿ ಕೊಡುತ್ತಾರೆ, ಪೂರ್ತಿ ರಾಡ್ ತಗೊಳ್ಳಿ ಅಂತ ಒತ್ತಾಯ ಇಲ್ಲ. ಬೇರೊಂದು ಕಡೆ ನಮಗೆ ಎಚ್‌ಡಿಪಿಇ ಅನ್ನೋ ಬೇರೆ ಪ್ಲಾಸ್ಟಿಕ್‌ನ ರಾಡನ್ನೇ ನೈಲಾನ್ ಅಂತ ಕೊಟ್ಟಿದ್ದರು, ನೋಡೋಕೆ ಎರಡೂ ಬೆಳ್ಳಗೇ ಅಲ್ವಾ. ಚೂರೊಂದನ್ನು ನೀರಿಗೆ ಹಾಕಿ ನೋಡಿ: ನೈಲಾನ್ ಮುಳುಗುತ್ತದೆ, ಎಚ್‌ಡಿಪಿಇ ತೇಲುತ್ತದೆ. ಇಲ್ಲಿ ಕೇಳಿದ ತಕ್ಷಣ ಮಗ್‌ನಲ್ಲಿ ನೀರು ತಂದು ಕೌಂಟರ್ ಮೇಲೇ ತೋರಿಸಿದರು.