ಐಸಿ-38 ಪರೀಕ್ಷೆ: ನಿಮ್ಮ ಹೆಸರಿನಲ್ಲಿ ಬೇರೆಯವರು ಬರೆದುಬಿಟ್ಟಾರು, ಎಚ್ಚರ!

ವಿಮಾ ಏಜೆಂಟ್ ಆಗಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನೋಂದಣಿ, ತರಬೇತಿ, ಪರೀಕ್ಷೆ ಎಲ್ಲವನ್ನೂ ತಾನೇ ನೋಡಿಕೊಳ್ಳುವುದಾಗಿ ಹೇಳಿ ಹಣದ ಜೊತೆಗೆ ಆಧಾರ್, ಪ್ಯಾನ್, ಹತ್ತನೇ ತರಗತಿಯ ಅಂಕಪಟ್ಟಿಗಳನ್ನು ಪಡೆದುಕೊಂಡ ಮಧ್ಯವರ್ತಿಯೊಬ್ಬರು, ನನಗೆ ಗೊತ್ತೇ ಇಲ್ಲದಂತೆ ಬೇರೆ ಯಾರನ್ನೋ ಕೂರಿಸಿ ಏಜೆಂಟ್ ಆಗಲು ಪಾಸಾಗಬೇಕಾದ ನನ್ನ ಐಸಿ-38 ಪರೀಕ್ಷೆಯನ್ನು ಬರೆಸಿದ್ದಾರೆ.

ಒಂದು ಗಂಟೆ, 50 ಪ್ರಶ್ನೆ, ಶೇ 35 ಅಂಕ ಬಂದರೆ ಪಾಸ್, ಅದೂ ಕನ್ನಡದಲ್ಲಿಯೇ ಬರೆಯಬಹುದು. ಇಂಥ ಪರೀಕ್ಷೆಗೆ ಅಡ್ಡದಾರಿ ಬೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ. ದಿನಾಂಕ ವಿಚಾರಿಸಿದಾಗಲೆಲ್ಲ “ಸ್ಲಾಟ್ ಸಿಕ್ಕಿಲ್ಲ ಮೇಡಂ” ಎಂಬ ಒಂದೇ ಉತ್ತರ. ಕೊನೆಗೊಂದು ಸಂಜೆ ವಾಟ್ಸ್‌ಆ್ಯಪ್‌ಗೆ ಫಲಿತಾಂಶದ ಹಾಳೆ ಬಂತು: ನನ್ನ ಹೆಸರು, ಕೆಳಗೆ ‘ಪಾಸ್’, ಜೊತೆಗೆ ಅಭಿನಂದನೆಯ ಹೂಗುಚ್ಛದ ಚಿತ್ರ. ಅದರಲ್ಲಿ ನಮೂದಾಗಿದ್ದ ದಿನ ನಾನು ಟಿಪ್ಪಣಿ ಮಾಡಿಕೊಳ್ಳುತ್ತ ಮನೆಯಲ್ಲೇ ಇದ್ದೆ. ನಾಚಿಕೆಯಿಂದ ಮನೆಯವರಿಗೂ ಹೇಳಲಾಗಲಿಲ್ಲ. ಗುರುತಿನ ಚೀಟಿ ನೋಡುವವರು ಯಾರ ಮುಖ ನೋಡಿ ಒಳಗೆ ಬಿಟ್ಟರು?

ಆ ಮಧ್ಯವರ್ತಿಗೆ ಕರೆ ಮಾಡಿದರೆ, “ಪಾಸಾಗಿದ್ದೀರಲ್ಲ ಮೇಡಂ, ಯಾರು ಬರೆದರೇನು? ಎಲ್ಲರದ್ದೂ ಹೀಗೇ ಮಾಡಿಸೋದು” ಎಂದರು. ಹಣ ವಾಪಸ್ ಕೇಳಿದ್ದಕ್ಕೆ “ಕೆಲಸ ಆಗಿದೆಯಲ್ಲ, ದುಡ್ಡು ಯಾಕೆ ವಾಪಸ್ ಕೊಡ್ಲಿ?” ಎಂದರು. ದೂರು ಕೊಡುತ್ತೇನೆಂದಾಗ ದನಿಯೇ ಬದಲಾಯಿತು: “ಕೊಡಿ. ಅದರಲ್ಲಿರೋದು ನಿಮ್ಮ ಹೆಸರು. ನನ್ನ ಹೆಸರು ಎಲ್ಲೂ ಇಲ್ಲ.”

ಯಾರು ಬರೆದರೇನು! ಪಾಲಿಸಿ ಮಾಡಿಸುವವರಿಗೆ ಕಾಯಿಲೆ ಮುಚ್ಚಿಡಬೇಡಿ, ನಿಜವನ್ನೇ ತಿಳಿಸಿ ಎಂದು ಹೇಳಬೇಕಾದ ಕೆಲಸಕ್ಕೆ ನಾನು ಸುಳ್ಳು ಫಲಿತಾಂಶ ಹಿಡಿದು ಹೋಗಬೇಕೇ? ಏಜೆಂಟರ ಕಪ್ಪುಪಟ್ಟಿಯನ್ನು ವಿಮಾ ಕಂಪನಿಗಳು ನೇಮಕಕ್ಕೆ ಮುಂಚೆ ಪ್ಯಾನ್ ಸಂಖ್ಯೆಯಿಂದಲೇ ಪರಿಶೀಲಿಸುತ್ತವೆ. ನಾಳೆ ಈ ವಿಷಯ ಹೊರಬಿದ್ದರೆ ಆ ಪಟ್ಟಿಗೆ ಸೇರುವುದು ನನ್ನ ಪ್ಯಾನ್, ಬರೆಸಿದವರದ್ದಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆ ಧೈರ್ಯದಿಂದಲೇ ಅವರು ಹಾಗೆ ಮಾತನಾಡಿದ್ದು.

ನೋಂದಣಿಯಲ್ಲಿ ನನ್ನದರ ಬದಲು ಅವರದೇ ಮೊಬೈಲ್ ಸಂಖ್ಯೆ, ಇಮೇಲ್ ಇದ್ದವು ಎಂಬುದು ಆಮೇಲೆ ತಿಳಿಯಿತು. ಹಾಗಾಗಿ ಹಾಲ್ ಟಿಕೆಟ್ ನನಗೆ ಬರಲೇ ಇಲ್ಲ. ನೋಂದಣಿ ಯಾರೇ ಮಾಡಿಕೊಡಲಿ, ಈ ಎರಡು ಮಾತ್ರ ನಿಮ್ಮವೇ ಇರಲಿ, ಹಾಲ್ ಟಿಕೆಟ್ ನಿಮ್ಮ ಇಮೇಲ್‌ಗೇ ಬರಲಿ. “ಓದೋದೇನೂ ಬೇಡ” ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಫಲಿತಾಂಶವನ್ನು ರದ್ದುಪಡಿಸಿ, ನನಗೇ ಪರೀಕ್ಷೆ ಬರೆಯಲು ಅವಕಾಶ ಕೊಡಬೇಕೆಂದು ವಿಮಾ ಕಂಪನಿಗೆ ಲಿಖಿತ ದೂರು ಕೊಟ್ಟಿದ್ದೇನೆ. ಅವರ ಆ ವಾಟ್ಸ್‌ಆ್ಯಪ್ ಸಂದೇಶಗಳನ್ನೆಲ್ಲ ದೂರಿಗೆ ಲಗತ್ತಿಸಿದ್ದೇನೆ, ಹೂಗುಚ್ಛವನ್ನೂ ಸೇರಿಸಿ.