ಚಿತ್ರಸಂತೆ ಮುಗಿಸಿ ಹಾಗೇ ವಾಪಸ್ ಬರಬೇಡಿ: ಚಿತ್ರಕಲಾ ಪರಿಷತ್ತಿನ ಒಳಗೂ ಒಂದು ಸುತ್ತು ಹಾಕಿ

ಬೆಂಗಳೂರಿನ ಕುಮಾರಕೃಪಾ ರಸ್ತೆ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ಎರಡೇ. ಒಂದು, ಕಲಾವಿದರು ರಸ್ತೆಯಲ್ಲೇ ಚಿತ್ರ ಮಾರುವ, ವರ್ಷಕ್ಕೊಮ್ಮೆ ನಡೆಯುವ ಚಿತ್ರಸಂತೆ. ಇನ್ನೊಂದು ಪರಿಷತ್ತಿನ ಅಂಗಳದಲ್ಲಿ ಆಗಾಗ ಹಾಕುವ ಕೈಮಗ್ಗದ ಸೀರೆ, ಕರಕುಶಲ ವಸ್ತುಗಳ ಮೇಳ. ಎರಡೂ ಚೆನ್ನಾಗಿರುತ್ತವೆ, ನಾನೂ ತಪ್ಪದೆ ಹೋಗುತ್ತೇನೆ. ಆದರೆ ಸೀರೆ ನೋಡಿ, ಜುಮುಕಿ ಕೊಂಡು, ಕಾಫಿ ಕುಡಿದು ಹಾಗೇ ಆಟೋ ಹತ್ತುವವರಲ್ಲಿ ಎಷ್ಟು ಜನ ಒಳಗಿನ ಮ್ಯೂಸಿಯಂ ಕಡೆ ತಲೆ ಹಾಕುತ್ತಾರೆ? ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಐದಕ್ಕೆ ಐದು ಕೊಡುವ ಅಭ್ಯಾಸ ನನಗಿಲ್ಲ. ನಾಲ್ಕೂವರೆ ಅಂತ ಇಟ್ಟುಕೊಳ್ಳಿ.

ಮೊದಲು ಸ್ವಲ್ಪ ಹಳೇ ಕಥೆ. ಅದು ಗೊತ್ತಿಲ್ಲದೆ ಒಳಗೆ ಹೋದರೆ ಇಲ್ಲಿರುವುದೆಲ್ಲ ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಕಾಣುತ್ತದೆ. ತೊಗಲುಗೊಂಬೆ ಪಕ್ಕ ರಷ್ಯನ್ ಕಲಾವಿದನ ಹಿಮಾಲಯ, ಅದರಾಚೆ ಬಂಗಾಳದ ಚಿತ್ರ. ಇದೇನಪ್ಪಾ ಅನಿಸುತ್ತದೆ.

ಮೈಸೂರಿನಲ್ಲಿ ಕಲಾಶಾಲೆ ಹುಟ್ಟಿದ್ದು ಅರಮನೆಯ ಆಸರೆಯಲ್ಲಿ. 1906ರಲ್ಲಿ ವೇಲ್ಸ್ ರಾಜಕುಮಾರನೇ ಬಂದು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ ಅಡಿಗಲ್ಲು ಇಟ್ಟ. ಇವತ್ತಿನ ಕಾವಾ, ಅಂದರೆ ಮೈಸೂರಿನ ದೃಶ್ಯಕಲಾ ಕಾಲೇಜು, ಬೆಳೆದದ್ದು ಅದೇ ಬೇರಿನಿಂದ. ಬೆಂಗಳೂರಿನ ಪರಿಷತ್ತಿನ ಹಿಂದೆ ಅಂಥ ಅರಮನೆ ಇರಲಿಲ್ಲ. 1960ರಲ್ಲಿ ಇದು ಶುರುವಾದಾಗ ಇದ್ದದ್ದು ಕಲಾವಿದರು ಮತ್ತು ಕಲೆಯ ಹುಚ್ಚು ಹಿಡಿದ ಕೆಲವರು. ಆರ್ಯಮೂರ್ತಿ ಅವರ ಹೆಸರು ಮೊದಲಿಗೆ ಬರುತ್ತದೆ, ಆಮೇಲೆ ಎಂ. ಎಸ್. ನಂಜುಂಡರಾವ್. ನಂಜುಂಡರಾವ್ ಸ್ವತಃ ಚಿತ್ರಕಾರರು. ಆದರೆ ಕಾರ್ಯದರ್ಶಿಯಾಗಿ ಸಂಸ್ಥೆ ಕಟ್ಟುವುದರಲ್ಲೇ ಅವರ ಆಯಸ್ಸಿನ ದೊಡ್ಡ ಪಾಲು ಹೋಯಿತು. ಜಾಗ ಸರ್ಕಾರ ಕೊಟ್ಟಿತು, ಚಿತ್ರಗಳನ್ನು ಕಲಾವಿದರು ಮತ್ತು ಸಂಗ್ರಾಹಕರು ಕೊಟ್ಟರು, ಜಾನಪದದ ವಸ್ತುಗಳನ್ನು ಊರೂರು ಸುತ್ತಿ ತಂದರು. ಅಂದರೆ ಇಲ್ಲಿಯ ಒಂದೊಂದು ಗ್ಯಾಲರಿಯ ಹಿಂದೆಯೂ ಕೇಳಿದವರು ಒಬ್ಬರು, ಕೊಟ್ಟವರು ಇನ್ನೊಬ್ಬರು ಇದ್ದಾರೆ. ಹಾಗಾಗಿಯೇ ಎಲ್ಲ ಬೆರಕೆ ಆಗಿ ಕಾಣುವುದು. ನನಗಂತೂ ಆ ಬೆರಕೆಯೇ ಇಷ್ಟ.

ಟಿಕೆಟ್ ತಗೊಂಡು ಒಳಗೆ ಹೋದವರು ಸೀದಾ ತೊಗಲುಗೊಂಬೆಗಳ ಹತ್ತಿರ ಹೋಗಿ. ದೊಡ್ಡ ಹೆಸರಿನ ಚಿತ್ರಗಳನ್ನು ಆಮೇಲೆ ನೋಡಿದರಾಯಿತು. ಇವು ಚರ್ಮವನ್ನು ಹದ ಮಾಡಿ, ತೆಳುವಾಗಿಸಿ, ಸಣ್ಣ ಸಣ್ಣ ತೂತು ಹೊಡೆದು, ಬಣ್ಣ ಹಾಕಿದ ಗೊಂಬೆಗಳು. ಪರದೆ ಹಿಂದೆ ದೀಪ ಇಟ್ಟಾಗ ಆ ತೂತುಗಳೇ ಒಡವೆ, ಅಂಚು, ಕಿರೀಟ ಆಗುತ್ತವೆ. ಗಮನಿಸಬೇಕಾದ್ದು ಅಳತೆ. ನಮ್ಮ ಕಡೆಯ ಗೊಂಬೆಗಳಲ್ಲಿ ಪಾತ್ರದ ಅಂತಸ್ತಿನ ಮೇಲೆ ಎತ್ತರ ನಿರ್ಧಾರ ಆಗುತ್ತದೆ. ರಾಜ, ದೇವರು ದೊಡ್ಡದು, ಆಳು ಸಣ್ಣದು. ಕೆಲವದರಲ್ಲಿ ಒಂದೇ ಚರ್ಮದಲ್ಲಿ ಇಡೀ ದೃಶ್ಯವೇ ಇರುತ್ತದೆ: ರಥ, ಕುದುರೆ, ಸಾರಥಿ, ಒಳಗೆ ಕೂತವರು, ಎಲ್ಲ ಒಟ್ಟಿಗೆ. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರ ಮನೆಗಳಲ್ಲಿ ಪೆಟ್ಟಿಗೆ ಸೇರಿದ್ದ ಈ ಗೊಂಬೆಗಳ ಬೆಲೆ ಏನು ಅಂತ ನಂಜುಂಡರಾವ್ ಆಗಲೇ ಕಂಡುಕೊಂಡಿದ್ದರು. ಆ ಕಾಲದಲ್ಲಿ ಅವರು ಬರೀ ಕ್ಯಾನ್ವಾಸ್ ಮುಂದೆ ಕೂತಿದ್ದರೆ ಇವುಗಳಲ್ಲಿ ಎಷ್ಟು ಇವತ್ತಿಗೆ ಉಳಿಯುತ್ತಿದ್ದವು ಹೇಳಿ. ಮಕ್ಕಳನ್ನು ಕರೆದುಕೊಂಡು ಹೋದರೆ ಅವರು ಇಲ್ಲಿಂದ ಏಳುವುದೇ ಇಲ್ಲ.

ಮೈಸೂರು ಸಾಂಪ್ರದಾಯಿಕ ಚಿತ್ರಗಳೂ ಇಲ್ಲಿವೆ. ತಂಜಾವೂರಿನದು, ಮೈಸೂರಿನದು ಎಲ್ಲ ಒಂದೇ ಅಂದುಕೊಂಡವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ತಂಜಾವೂರಿನಲ್ಲಿ ಗೆಸ್ಸೋ, ಅಂದರೆ ಉಬ್ಬು ಬರಲು ಹಚ್ಚುವ ಲೇಪ, ದಪ್ಪ, ಉಬ್ಬು ಜಾಸ್ತಿ, ಮೇಲೆ ಕಲ್ಲು ಕೂರಿಸುತ್ತಾರೆ. ಮೈಸೂರಿನಲ್ಲಿ ಉಬ್ಬು ತೀರಾ ಕಡಿಮೆ, ಚಿನ್ನದ ರೇಕು ತೆಳು, ಗೆರೆ ನಯ. ದೂರದಿಂದ ಕಣ್ಣು ಕುಕ್ಕುವುದಿಲ್ಲ, ಹತ್ತಿರ ಹೋದಷ್ಟೂ ಕೆಲಸ ಕಾಣುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಇದಕ್ಕೆ ಸಿಕ್ಕ ಪೋಷಣೆ ದೊಡ್ಡದು.

ಇನ್ನು ರೋರಿಕ್ ಗ್ಯಾಲರಿ. ತಂದೆ ನಿಕೊಲಾಸ್ ರೋರಿಕ್, ಮಗ ಸ್ವೆತೊಸ್ಲಾವ್, ಇಬ್ಬರದೂ ಇವೆ. ತಂದೆ ಸಾಮಾನ್ಯ ಆಸಾಮಿ ಅಲ್ಲ. 1913ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಗಲಾಟೆ ಎಬ್ಬಿಸಿದ ಒಂದು ರಷ್ಯನ್ ಬ್ಯಾಲೆಗೆ ವೇಷಭೂಷಣ, ರಂಗಸಜ್ಜು ಮಾಡಿದವರು. ಯುದ್ಧದ ಸಮಯದಲ್ಲೂ ಕಲಾಕೃತಿ, ಸ್ಮಾರಕಗಳನ್ನು ಮುಟ್ಟಬಾರದು ಅನ್ನುವ, 1935ರಲ್ಲಿ ವಾಷಿಂಗ್ಟನ್ನಿನಲ್ಲಿ ಸಹಿಯಾದ ಒಪ್ಪಂದ ಅವರ ಹೆಸರಿನದೇ. ಕೊನೆಗೆ ಕುಲ್ಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ 1947ರಲ್ಲಿ ಅಲ್ಲೇ ತೀರಿಕೊಂಡರು. ಮಗ 1945ರಲ್ಲಿ ನಟಿ ದೇವಿಕಾ ರಾಣಿಯನ್ನು ಮದುವೆಯಾಗಿ ಆಮೇಲೆ ಬೆಂಗಳೂರಿನವರೇ ಆಗಿಬಿಟ್ಟರು. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಅವರದೇ. ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿದ್ದ ನೆಹರೂ ಚಿತ್ರ ಬರೆದವರೂ ಅವರೇ. ಪರಿಷತ್ತಿಗೆ ಅವರು ಕೊಟ್ಟ ಬೆಂಬಲ ಬರೀ ಚಿತ್ರಗಳಲ್ಲಿ ಮುಗಿಯುವುದಿಲ್ಲ. ಸಂಸ್ಥೆ ಕಾಲೂರುವ ವರ್ಷಗಳಲ್ಲಿ ಜೊತೆಗೆ ನಿಂತರು. ಎಸ್ಟೇಟ್ ಯಾರದ್ದು ಅನ್ನುವ ವ್ಯಾಜ್ಯ ದಂಪತಿ ಇಬ್ಬರೂ ಹೋದ ಮೇಲೂ ನಡೆದು 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಪರ ತೀರ್ಪು ಬಂತು, ಅದು ಬೇರೆ ಕಥೆ. ನನ್ನ ರುಚಿ ಕೇಳಿದರೆ ಮಗನಿಗಿಂತ ತಂದೆಯೇ ಮೇಲು. ನಿಕೊಲಾಸ್ ಅವರ ಬೆಟ್ಟಗಳಲ್ಲಿ ನೀಲಿ, ನೇರಳೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ, ಆದರೂ ಚಳಿ ಹತ್ತುತ್ತದೆ. ಸ್ವೆತೊಸ್ಲಾವ್ ಅವರ ಬಣ್ಣ ಕೆಲವು ಕಡೆ ನನಗೆ ಸ್ವಲ್ಪ ಸಿಹಿ ಜಾಸ್ತಿ ಅನಿಸಿತು. ಒಪ್ಪದವರು ಹೋಗಿ ನೋಡಿ ಜಗಳ ಆಡಿ.

ಯಾರೂ ಜಾಸ್ತಿ ಮಾತಾಡದ ವಿಭಾಗ ಮುದ್ರಣಚಿತ್ರ ಕಲಾವಿದ ಕೃಷ್ಣ ರೆಡ್ಡಿ ಅವರದು. ಚಿತ್ತೂರು ಕಡೆಯಲ್ಲಿ 1925ರಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಓದಿ, ಪ್ಯಾರಿಸ್ಸಿಗೆ ಹೋಗಿ, ಕೊನೆಗೆ ನ್ಯೂಯಾರ್ಕಿನಲ್ಲಿ ಪಾಠ ಹೇಳಿದವರು. ತಗಡು ಕೊರೆದು, ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಇಂಥ ಮುದ್ರಣಚಿತ್ರದಲ್ಲಿ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ ಒಂದೊಂದು ತಗಡು ಬೇಕು. ಇವರು ಮತ್ತು ಇವರ ಜೊತೆಯವರು ಒಂದೇ ತಗಡನ್ನು ಬೇರೆ ಬೇರೆ ಆಳಕ್ಕೆ ಕೊರೆದರು. ಒಂದು ಶಾಯಿಗೆ ಎಣ್ಣೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಬೆರೆಸಿದರು. ಮೆತ್ತನೆ ರೋಲರ್ ಆಳಕ್ಕೂ ಇಳಿಯುತ್ತದೆ, ಗಟ್ಟಿ ರೋಲರ್ ಮೇಲೆ ಮಾತ್ರ ಸವರಿಕೊಂಡು ಹೋಗುತ್ತದೆ. ತೆಳು ಶಾಯಿ, ಗಟ್ಟಿ ಶಾಯಿ ಒಂದಕ್ಕೊಂದು ಬೆರೆಯುವುದಿಲ್ಲ. ಹೀಗೆ ಒಂದೇ ಸಲ ಒತ್ತಿದರೆ ಎಲ್ಲ ಬಣ್ಣ ಕಾಗದಕ್ಕೆ ಬರುತ್ತದೆ. ಇಷ್ಟು ತಿಳಿದುಕೊಂಡು ಆ ಪ್ರಿಂಟ್‌ಗಳ ಮುಂದೆ ನಿಂತರೆ ಸುಮ್ನೆ ಬಣ್ಣದ ಅಲೆ ಅನಿಸಿದ್ದು ಬೇರೆಯೇ ಥರ ಕಾಣುತ್ತದೆ.

ಉದ್ಯಮಿ ಕೇಜ್ರಿವಾಲ್ ಕೊಟ್ಟ ಸಂಗ್ರಹದಲ್ಲಿ ಬಂಗಾಳದ ಕಲಾವಿದರ ಚಿತ್ರಗಳು ಇವೆ. ಕಾಲು ನೋಯುತ್ತಿದ್ದರೆ ಇದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಒಂದೇ ದಿನ ಎಲ್ಲ ನೋಡಿದರೆ ಏನೂ ನೋಡಿದ ಹಾಗೆ ಆಗುವುದಿಲ್ಲ.

ಚಿತ್ರಸಂತೆ ದಿನ ಮಾತ್ರ ಮ್ಯೂಸಿಯಂ ಯೋಚನೆ ಬಿಡಿ. ಅವತ್ತು ರಸ್ತೆ ತುಂಬ ಜನ, ಕಾರು ತಂದರೆ ನಿಮ್ಮ ಕರ್ಮ. ಮೆಟ್ರೋದಲ್ಲಿ ಸಂಪಿಗೆ ರಸ್ತೆ ನಿಲ್ದಾಣಕ್ಕೆ ಬಂದು ಅಲ್ಲಿಂದ ಆಟೋ ಹಿಡಿಯುವುದು ಜಾಣತನ. ಬೆಳಿಗ್ಗೆ ಬೇಗ ಹೋಗಿ, ಕೊಳ್ಳುವುದಿದ್ದರೆ ಕಲಾವಿದರ ಜೊತೆ ಮಾತಾಡಿ, ತೀರಾ ತರಕಾರಿ ಥರ ಚೌಕಾಸಿ ಮಾಡಬೇಡಿ. ಅಲ್ಲಿ ಕೊಂಡ ಒಂದು ಜಲವರ್ಣದ ಚಿತ್ರವನ್ನು ನಾನು ನಗರದ ಒಂದು ಫ್ರೇಮ್ ಅಂಗಡಿಗೆ ಕೊಟ್ಟೆ. ಅವರು ಮೌಂಟ್ ಹಾಕದೆ ಗಾಜನ್ನು ನೇರವಾಗಿ ಕಾಗದಕ್ಕೇ ಒತ್ತಿಟ್ಟರು, ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ನೀವು ಮೊದಲೇ ಹೇಳಿ: ಗಾಜಿಗೂ ಚಿತ್ರಕ್ಕೂ ನಡುವೆ ಜಾಗ ಇರಬೇಕು, ಹಿಂದೆ ಮಾಮೂಲಿ ರಟ್ಟು ಬೇಡ, ಆಮ್ಲ ಇಲ್ಲದ ಬೋರ್ಡ್ ಹಾಕಿ ಅಂತ. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತದೆ, ಆಗಲಿ.

ಮ್ಯೂಸಿಯಂಗೆ ವಾರದ ನಡುವೆ, ಮಧ್ಯಾಹ್ನಕ್ಕೆ ಮುಂಚೆ ಹೋಗಿ. ರಜೆ ಯಾವಾಗ, ಸಮಯ ಏನು ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಫೋಟೋ ತೆಗೆಯುವ ಮುಂಚೆಯೂ ಒಂದು ಮಾತು ಕೇಳಿ. ಆಚೆ ಬಂದ ಮೇಲೆ ಸೀರೆ ಮೇಳ ಇದ್ದರೆ ಅದನ್ನೂ ನೋಡಿ, ನಾನೇನು ಬೇಡ ಅನ್ನಲಿಲ್ಲ.